ಫ್ರೆಂಚಿನ ‘ಗಲೊಪೆ’ ಅಂದರೆ ‘ಚೆನ್ನಾಗಿ ಓಡು’ ಅಂತೆ, ನಿಜವಾ?

ಬೆಳ್ಳಿಚುಕ್ಕಿ
ಎಲ್ಲರಿಗೂ ನಮಸ್ಕಾರ. ಆರು ತಿಂಗಳಿಂದ ಫ್ರೆಂಚ್ ಕಲಿಯುತ್ತಿದ್ದೇನೆ. ನಿನ್ನೆ ಕ್ಲಾಸಿನಲ್ಲಿ ‘ಗಲೊಪೆ’ ಅನ್ನುವ ಕ್ರಿಯಾಪದ ಬಂತು. ಕುದುರೆ ನಾಗಾಲೋಟದಲ್ಲಿ ಓಡುವುದು ಅಂತ ಅರ್ಥ. ಇಂಗ್ಲಿಷಿನ ಗ್ಯಾಲಪ್ ಇದರಿಂದಲೇ ಬಂದದ್ದು, ಅದು ಗೊತ್ತಿತ್ತು. ಆದರೆ ಮೇಡಂ ಇನ್ನೊಂದು ಮಾತು ಹೇಳಿದರು. ಇದು ಲ್ಯಾಟಿನ್ ಪದ ಅಲ್ಲವಂತೆ. ರೋಮನ್ನರ ಕಾಲ ಮುಗಿದ ಮೇಲೆ ಫ್ರಾನ್ಸಿಗೆ ಬಂದು ಆಳಿದ ಫ್ರಾಂಕರ ಮಾತಂತೆ. ‘ವಲ ಹ್ಲೌಪನ್’, ಅಂದರೆ ‘ಚೆನ್ನಾಗಿ ಓಡು’.

ನನಗೆ ಪೂರ್ತಿ ನಂಬಿಕೆ ಬಂದಿಲ್ಲ. ವಕಾರ ಇದ್ದದ್ದು ಗಕಾರ ಹೇಗೆ ಆಯಿತು? ಫ್ರೆಂಚ್ ಲ್ಯಾಟಿನ್ ಮನೆಯ ಮಗಳು. ಕುದುರೆ ಓಡುವುದಕ್ಕೆ ತಾಯಿಮನೆಯಲ್ಲಿ ಒಂದು ಪದ ಇರಲಿಲ್ಲವಾ? ಮನೆಗೆ ಬಂದು ನಿಘಂಟು ನೋಡಿದರೆ ‘ವಲ ಹ್ಲೌಪನ್’ ಪಕ್ಕದಲ್ಲಿ ಒಂದು ಚುಕ್ಕಿ ಗುರುತು (*) ಬೇರೆ ಇದೆ. ತಿಳಿದವರು ಬಿಡಿಸಿ ಹೇಳಿ.

ರಾತ್ರಿಪಾಳಿ
ಕುದುರೆ ಓಡಿದ್ದು ಸಾಲದು ಅಂತ ‘ಚೆನ್ನಾಗಿ’ ಯಾಕೆ ಸೇರಿಸಿದರು? ಕಟ್ಟುಕತೆ ಥರ ಕೇಳುತ್ತೆ.

ಪದಬೇಟೆ
ಕಟ್ಟುಕತೆ ಅಲ್ಲ. ನಿಮ್ಮ ಮೇಡಂ ಹೇಳಿದ್ದು ಬಹುಪಾಲು ನಿಘಂಟುಗಳು ಒಪ್ಪುವ ಮಾತೇ. ಮೊದಲು ಆ ಚುಕ್ಕಿಯ ವಿಷಯ. ಅದು ‘ಈ ಪದ ಬರಹದಲ್ಲಿ ಸಿಕ್ಕಿಲ್ಲ, ನಾವು ಲೆಕ್ಕ ಹಾಕಿ ಕಂಡುಕೊಂಡಿದ್ದು’ ಅನ್ನುವ ಗುರುತು. ಫ್ರಾಂಕರು ತಮ್ಮ ಮಾತಿನಲ್ಲಿ ಬರೆದಿಟ್ಟದ್ದು ತೀರಾ ಕಡಿಮೆ. 6ನೇ ಶತಮಾನದ ಅವರ ಕಾನೂನು ಸಂಗ್ರಹ ಕೂಡ ಲ್ಯಾಟಿನ್‌ನಲ್ಲೇ ಇದೆ. ನಡುನಡುವೆ ಅವರ ಮಾತಿನ ಕೆಲವು ಪದಗಳು ಸಿಕ್ಕುತ್ತವೆ, ಅಷ್ಟೇ. ಅವರ ಮಾತು ಜರ್ಮನ್ ಬಳಗದ್ದು, ಹಾಗಾಗಿ ಆ ಬಳಗದ ನಂಟರನ್ನು ನೋಡಿ ಲೆಕ್ಕ ಹಾಕಬೇಕು.

‘ವಲ’ದ ನಂಟರು ಇಂಗ್ಲಿಷಿನ ವೆಲ್, ಜರ್ಮನ್ನಿನ ವೋಲ್. ‘ಹ್ಲೌಪನ್’ ನಂಟರು ಇಂಗ್ಲಿಷಿನ ಲೀಪ್ (ಜಿಗಿ), ಡಚ್ಚಿನ ಲೋಪನ್ (ನಡೆ), ಜರ್ಮನ್ನಿನ ಲೌಫನ್ (ಓಡು). ಒಂದೇ ಬೇರು. ಒಬ್ಬರು ಜಿಗಿದರು, ಒಬ್ಬರು ನಡೆದರು, ಒಬ್ಬರು ಓಡಿದರು.

ಇನ್ನು ವ ಮತ್ತು ಗ. ಲ್ಯಾಟಿನ್‌ನಲ್ಲಿ ಹಿಂದೆ ತುಟಿ ದುಂಡಗೆ ಮಾಡಿ ಹೇಳುವ ವ ಇತ್ತು. ಫ್ರಾಂಕರು ಬರುವ ಹೊತ್ತಿಗೆ ಅದು ಹೋಗಿ, ಹಲ್ಲು ತುಟಿಗೆ ತಾಗಿಸಿ ಹೇಳುವ ವ ಆಗಿತ್ತು. ಫ್ರಾಂಕರ ದುಂಡು ವಕಾರ ಅಲ್ಲಿನವರ ಬಾಯಿಗೆ ಕೂರಲಿಲ್ಲ. ಮುಂದೆ ಒಂದು ಗ್ ಸೇರಿಸಿ ‘ಗ್ವ’ ಅಂದರು. ಆಮೇಲೆ ‘ಗ್ವ’ದಲ್ಲಿ ವಕಾರ ಸವೆದು ಬರೀ ಗ ಉಳಿಯಿತು. ವಲ ಹ್ಲೌಪನ್, ಗ್ವಲೊಪ್, ಗಲೊಪೆ. 12ನೇ ಶತಮಾನದ ಫ್ರೆಂಚ್ ಬರಹಗಳಲ್ಲಿ ಇದು ಕಾಣಿಸುತ್ತದೆ.

ಸೀಬೆಮರ
ಒಂದು ಪದಕ್ಕೆ ಹೀಗಾಯಿತು ಅಂದರೆ ಹೇಗೆ ನಂಬೋದು ಸರ್? ಬೇರೆ ಪದಗಳಿಗೂ ಆಗಿದೆಯಾ?

ಪದಬೇಟೆ
ಬೇಕಾದಷ್ಟಿವೆ. ಇಂಗ್ಲಿಷಿನ ವಾರ್, ಫ್ರೆಂಚಿನ ಗೆರ್. ವಾಸ್ಪ್, ಗೆಪ್. ವಾಫಲ್, ಗೋಫ್ರ್. ವಿಲಿಯಂ, ಗಿಯೋಮ್. ವೇಲ್ಸ್ ದೇಶಕ್ಕೆ ಫ್ರೆಂಚರು ಗಾಲ್ ಅನ್ನುತ್ತಾರೆ. ಎಲ್ಲದರಲ್ಲೂ ಅದೇ ದಾರಿ.

ನಮ್ಮಲ್ಲೂ ಹೀಗೆ ಸಾಲಾಗಿ ಬದಲಾದ ಪದಗಳು ಇವೆ ಅಲ್ವಾ? ತಮಿಳಿನ ವಾ ನಮಗೆ ಬಾ. ಅವರ ವಿಲ್ ನಮಗೆ ಬಿಲ್ಲು. ಅವರ ವಾಳೈ ನಮಗೆ ಬಾಳೆ. ಹಳಗನ್ನಡದ ಪಾಲು, ಪುಲಿ, ಪಾವು ಈಗ ಹಾಲು, ಹುಲಿ, ಹಾವು. ಒಂದು ಸಾಲು ಸಿಕ್ಕರೆ ಅದು ಕಾಕತಾಳೀಯ ಅಲ್ಲ.

ಹಳೇಜಟಕಾ
ನಮ್ಮ ಅಜ್ಜಿ ಕೊನೆಯವರೆಗೂ ‘ಇಸ್ಕೂಲು’ ಅಂತಲೇ ಹೇಳುತ್ತಿದ್ದರು. ಬಾಯಿಗೆ ಕೂರದ ಸದ್ದಿನ ಮುಂದೆ ಇನ್ನೊಂದು ಸದ್ದು ಇಡುವುದು ಅಂದರೆ ಇದೇ ತಾನೇ?

ಪದಬೇಟೆ
@ಹಳೇಜಟಕಾ ಇದೇ! ಫ್ರೆಂಚರೂ ನಿಮ್ಮ ಅಜ್ಜಿ ಮಾಡಿದ್ದನ್ನೇ ಮಾಡಿದ್ದಾರೆ. ಲ್ಯಾಟಿನ್ನಿನ ‘ಸ್ಕೊಲಾ’ ಮೊದಲು ‘ಎಸ್ಕೊಲ್’ ಆಯಿತು. ಆಮೇಲೆ ಸಕಾರ ಬಿದ್ದು ‘ಎಕೋಲ್’ ಆಯಿತು. ಫ್ರಾಂಕರ ‘ಸ್ಪೊರೋ’ ಕೂಡ ಹಾಗೇ ‘ಎಪೆರೋಂ’ ಆಯಿತು. ಸವಾರ ಹಿಮ್ಮಡಿಗೆ ಕಟ್ಟಿಕೊಳ್ಳುವ ಮುಳ್ಳು, ಇಂಗ್ಲಿಷಿನಲ್ಲಿ ಸ್ಪರ್.

ತುಂಗಾತೀರ
ಇಷ್ಟು ಸುತ್ತಬೇಕಾಗಿಲ್ಲ. ಸಂಸ್ಕೃತದಲ್ಲಿ ‘ವಲ್ಗ್’ ಅನ್ನುವ ಧಾತುವೇ ಇದೆ. ಜಿಗಿ, ನೆಗೆ ಅಂತ ಅರ್ಥ. ಅಮರಕೋಶ ಕುದುರೆಯ ಐದು ನಡೆಗಳನ್ನು ಹೇಳುತ್ತದೆ: ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ. ‘ವಲ್ಗಿತ’ ನೋಡಿ. ವ, ಲ, ಗ ಮೂರೂ ಇವೆ. ಅದೇ ತಿರುಗಾಮುರುಗಾ ಆಗಿ ಗಲೊಪೆ ಆಗಿದೆ. ಕುದುರೆಯ ಲಗಾಮಿಗೆ ನಾವು ‘ವಾಘೆ’ ಅನ್ನುವುದೂ ವಲ್ಗಾ ಇಂದಲೇ.

ಸೀಬೆಮರ
ಅಬ್ಬಾ, ಐದು ನಡೆಗೆ ಐದು ಹೆಸರು! ಇದು ಗೊತ್ತಿರಲಿಲ್ಲ.

ಪದಬೇಟೆ
@ತುಂಗಾತೀರ ಅಮರಕೋಶದ ಸಾಲು ಕೊಟ್ಟಿದ್ದಕ್ಕೆ ಥ್ಯಾಂಕ್ಸ್. ವಾಘೆ ವಲ್ಗಾದಿಂದ ಬಂದದ್ದೂ ಸರಿ. ಆದರೆ ಗಲೊಪೆ ವಿಷಯದಲ್ಲಿ ಒಪ್ಪಲಾರೆ. ಅಕ್ಷರ ಹೋಲುವುದು ಸಾಕಾಗಲ್ಲ, ಪದ ನಡೆದು ಬಂದ ದಾರಿ ತೋರಿಸಬೇಕು. ಗಲೊಪೆಯಲ್ಲಿ ಒಂದು ಪಕಾರ ಇದೆ. ವಲ್ಗಿತದಲ್ಲಿ ಅದು ಎಲ್ಲಿದೆ? ಗಲೊಪೆಯ ಗಕಾರ ಮೊದಲಿಂದ ಇದ್ದದ್ದೇ ಅಲ್ಲ, ವಕಾರದ ಜಾಗದಲ್ಲಿ ಹುಟ್ಟಿದ್ದು. ನೀವು ಅದನ್ನು ವಲ್ಗಿತದ ಕೊನೆಯ ಗಕಾರಕ್ಕೆ ಜೋಡಿಸುತ್ತಿದ್ದೀರಿ.

ತುಂಗಾತೀರ
‘ವಕಾರದ ಜಾಗದಲ್ಲಿ ಹುಟ್ಟಿದ್ದು’ ಅನ್ನುವುದೂ ನಿಮ್ಮ ಲೆಕ್ಕವೇ. ವಕಾರ ಇರುವ ರೂಪ ಎಲ್ಲಾದರೂ ಬರಹದಲ್ಲಿ ಇದೆಯಾ? ಇದ್ದರೆ ತೋರಿಸಿ, ಒಪ್ಪುತ್ತೇನೆ.

ಅಮಿಯಾಂ ಕನ್ನಡತಿ
ಇದೆ ಸರ್! ನಾನಿರುವ ಊರಿನ ಕಡೆಯೇ ಇದೆ. ಅಮಿಯಾಂ ಉತ್ತರ ಫ್ರಾನ್ಸಿನ ಪಿಕಾರ್ಡಿ ಸೀಮೆಯಲ್ಲಿದೆ. ಇಲ್ಲಿಯ ಹಳೇ ಮಾತು ಪಿಕಾರ್. ಅದರಲ್ಲಿ ಫ್ರಾಂಕರ ವಕಾರ ಗ ಆಗಲೇ ಇಲ್ಲ. ಪ್ಯಾರಿಸಿನವರ ‘ಗಾರ್ದೆ’ (ಕಾಯಿ, ಇಟ್ಟುಕೋ) ಇಲ್ಲಿ ‘ವಾರ್ದೆ’. ಗಡಿಯಾಚೆ ಬೆಲ್ಜಿಯಂನ ವಲೂನ್ ಮಾತಿನಲ್ಲೂ ಹಾಗೇ. ಹಳೇ ಫ್ರೆಂಚಿನ ಉತ್ತರದ ಬರಹಗಳಲ್ಲಿ ‘ವಲೊಪೆ’ ಅಂತಲೇ ಇದೆ. ಅದೇ ಅರ್ಥ, ಕುದುರೆ ಓಟ.

ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಇದ್ದಾರೆ. ಶನಿವಾರದ ಸಂತೆಯಲ್ಲಿ ಸಿಕ್ಕಾಗ ಲೀಕ್ ಸೊಪ್ಪಿನ ಕಟ್ಟು ನನ್ನ ಕೈಗೆ ಕೊಟ್ಟು ‘ವಾರ್ದೆ’ ಅನ್ನುತ್ತಾರೆ. ಮೊದಲ ಸಲ ನನಗೆ ಅರ್ಥವೇ ಆಗಲಿಲ್ಲ. ತುಟಿ ಎಷ್ಟು ದುಂಡಗೆ ಮಾಡುತ್ತಾರೆ ಅಂದರೆ ಕ್ಯಾಂಡಲ್ ಊದುವ ಹಾಗೆ. ಅವರ ಮೊಮ್ಮಕ್ಕಳಿಗೆ ಈ ಮಾತು ಬರಲ್ಲ. ಅದು ನನಗೆ ಬೇಜಾರಾಗುತ್ತದೆ.

ಪದಬೇಟೆ
ಅಕ್ಕ, ನೀವು ಬಂದಿದ್ದು ಒಳ್ಳೆಯದಾಯಿತು. ಇದೇ ಮುಖ್ಯ ಸಾಕ್ಷಿ. ಹಿಂದಿನ ಕಾಲದ ಕೆಲವು ಫ್ರೆಂಚ್ ಪಂಡಿತರು ಗಲೊಪೆ ಗ್ರೀಕಿನ ‘ಕಲ್ಪಾಝೈನ್’ನಿಂದ ಬಂತು ಅಂದಿದ್ದರು. ಅದಕ್ಕೂ ಕುದುರೆಯ ಓಟ ಅಂತಲೇ ಅರ್ಥ, ಸದ್ದೂ ಹತ್ತಿರ. ಆ ವಾದ ಬಿದ್ದದ್ದು ಈ ವಲೊಪೆ ಮುಂದೆ. ಗ್ರೀಕಿನ ಕ ಉತ್ತರಕ್ಕೆ ಹೋಗಿ ವ ಆಗಲು ದಾರಿಯೇ ಇಲ್ಲ. ವ ಮೊದಲಿತ್ತು, ದಕ್ಷಿಣದಲ್ಲಿ ಗ ಆಯಿತು, ಉತ್ತರದಲ್ಲಿ ವ ಆಗಿಯೇ ಉಳಿಯಿತು ಅಂದರೆ ಎಲ್ಲವೂ ಕೂರುತ್ತದೆ.

ತುಂಗಾತೀರ
ಸರಿ, ವಲೊಪೆ ಇದೆ ಅಂದರೆ ವಕಾರದ ಮಾತು ಒಪ್ಪಿದೆ. ಗಕಾರ ವಲ್ಗಿತದ್ದು ಅಲ್ಲ. ಆದರೆ ‘ಚೆನ್ನಾಗಿ’ ಅನ್ನುವುದು ನನಗೆ ಇನ್ನೂ ಸಡಿಲ ಕಾಣುತ್ತದೆ.

ಪದಬೇಟೆ
ಅದರಲ್ಲಿ ನಿಮ್ಮ ಅನುಮಾನ ಸರಿಯೇ. ಇನ್ನೊಂದು ವಾದವೂ ಇದೆ. ‘ವಲ್’ ಅಂದರೆ ಕಾಳಗದಲ್ಲಿ ಸತ್ತವರು ಬಿದ್ದ ನೆಲ, ರಣರಂಗ. ವಲ್ಹಾಲ್ಲಾ, ವಲ್ಕಿರೀ ಅನ್ನುವ ಉತ್ತರದವರ ಪುರಾಣದ ಹೆಸರುಗಳಲ್ಲಿ ಇರುವುದು ಅದೇ ‘ವಲ್’. ಆ ಲೆಕ್ಕದಲ್ಲಿ ಗಲೊಪೆ ಅಂದರೆ ರಣರಂಗದ ಓಟ, ಶತ್ರುವಿನ ಮೇಲೆ ನುಗ್ಗುವ ಓಟ. ಎರಡೂ ರೂಪಕ್ಕೆ ಚುಕ್ಕಿ ಗುರುತು ಇದೆ. ನನಗೆ ವೈಯಕ್ತಿಕವಾಗಿ ‘ಚೆನ್ನಾಗಿ ಓಡು’ ಜಾಸ್ತಿ ಹಿಡಿಸುತ್ತದೆ. ಎಲ್ಲ ಓಟವೂ ಕಾಳಗದ ಓಟ ಆಗಿರಲಾರದು.

ರಾತ್ರಿಪಾಳಿ
ರಣರಂಗವೇ ಸರಿ ಅನ್ನಿಸುತ್ತೆ. ಫ್ರಾಂಕರು ಅಂದರೆ ಯುದ್ಧದವರು.

ಸೀಬೆಮರ
ಯುದ್ಧದವರೂ ಸಂತೆಗೆ ಹೋಗುತ್ತಾರೆ ಗುರು. ನನ್ನ ಓಟು ‘ಚೆನ್ನಾಗಿ’ಗೆ.

ಬೆಳ್ಳಿಚುಕ್ಕಿ
ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟೊಂದು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ವಲೊಪೆ ಅಂದ ತಕ್ಷಣ ನೆನಪಾಯಿತು. ಇಂಗ್ಲಿಷಿನಲ್ಲಿ ‘ವಾಲಪ್’ ಅಂತ ಇದೆಯಲ್ಲ, ಚಚ್ಚುವುದು ಅಂತ. ಅದೂ ಇದೇನಾ?

ಅಮಿಯಾಂ ಕನ್ನಡತಿ
ಅದೇ ಪದ! 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡ್ ಗೆದ್ದ. ಅವನ ಜೊತೆ ಹೋದವರ ಬಾಯಲ್ಲಿ ಇದ್ದದ್ದು ಉತ್ತರದ ಫ್ರೆಂಚ್, ವಕಾರದ ಫ್ರೆಂಚ್. ಆಮೇಲೆ ಪ್ಯಾರಿಸ್ ಕಡೆಯ ಗಕಾರದ ರೂಪಗಳೂ ಹೋದವು. ಹಾಗಾಗಿ ಇಂಗ್ಲಿಷಿನಲ್ಲಿ ಒಂದೇ ಪದ ಎರಡೆರಡು ಸಲ ಇದೆ. ವಾರಂಟಿ, ಗ್ಯಾರಂಟಿ. ವಾರ್ಡನ್, ಗಾರ್ಡಿಯನ್. ರಿವಾರ್ಡ್, ರಿಗಾರ್ಡ್. ಹಾಗೇ ವಾಲಪ್, ಗ್ಯಾಲಪ್. ಮೊದಲು ಬಂದದ್ದು ವಾಲಪ್. ಆಗ ಅದಕ್ಕೂ ಕುದುರೆ ಓಟ ಅಂತಲೇ ಅರ್ಥ ಇತ್ತು. ಗ್ಯಾಲಪ್ ಬಂದು ಆ ಜಾಗ ಹಿಡಿದ ಮೇಲೆ ವಾಲಪ್ ಬೇರೆ ಕೆಲಸ ಹುಡುಕಿಕೊಂಡಿತು. ನೀರು ಕೊತಕೊತ ಕುದಿಯುವುದಕ್ಕೆ ಹೇಳಿದರು, ದಪದಪ ಅಲುಗುವುದಕ್ಕೆ ಹೇಳಿದರು. ಚಚ್ಚುವುದು ಅನ್ನುವ ಅರ್ಥ ಬಂದದ್ದು 19ನೇ ಶತಮಾನದಲ್ಲಿ.

ಸೀಬೆಮರ
ವಾರಂಟಿ ಗ್ಯಾರಂಟಿ ಒಂದೇ ಪದನಾ?! ಮಿಕ್ಸಿ ಅಂಗಡಿಯವನು ‘ವಾರಂಟಿ ಇದೆ, ಗ್ಯಾರಂಟಿ ಇಲ್ಲ’ ಅಂತ ಅರ್ಧ ಗಂಟೆ ವ್ಯತ್ಯಾಸ ಹೇಳಿದ್ದ.

ಕಾಫಿಗಿಡ
ಅಂಗಡಿಯಲ್ಲಿ ವ್ಯತ್ಯಾಸ ಇದೆ, ಬೇರಲ್ಲಿ ಇಲ್ಲ. ಒಟ್ಟಿಗೆ ಹುಟ್ಟಿ ಬೇರೆ ಬೇರೆ ಮನೆ ಮಾಡಿದ ಅಣ್ಣತಮ್ಮಂದಿರ ಹಾಗೆ.

ರಾತ್ರಿಪಾಳಿ
ಜರ್ಮನ್ನರೂ ‘ಗಲೋಪ್’ ಅಂತಾರೆ. ಫ್ರಾಂಕರ ಮಾತು ಜರ್ಮನ್ ಬಳಗದ್ದೇ ಅಂದಮೇಲೆ ಅದು ಅವರದ್ದೇ ಸ್ವಂತ ಪದ ಇರಬೇಕು. ಫ್ರೆಂಚಿನಿಂದ ಬಂತು ಅಂತ ಯಾಕೆ ಹೇಳಬೇಕು?

ಪದಬೇಟೆ
ಒಳ್ಳೆಯ ಪ್ರಶ್ನೆ. ಇದಕ್ಕೆ ಪದದೊಳಗೇ ಉತ್ತರ ಇದೆ. ಜರ್ಮನ್‌ನಲ್ಲಿ ಹಳೇ ಪಕಾರ ಫ ಆಗಿದೆ. ಇಂಗ್ಲಿಷಿನ ಲೀಪ್‌ನಲ್ಲಿ ಪ ಉಳಿದಿದೆ, ಜರ್ಮನ್ ಲೌಫನ್‌ನಲ್ಲಿ ಫ ಇದೆ. ಗಲೋಪ್ ಜರ್ಮನ್ನರ ಮನೆಯಲ್ಲೇ ಇದ್ದಿದ್ದರೆ ಮುಂದೆ ವ ಇರಬೇಕಿತ್ತು, ಕೊನೆಗೆ ಫ ಇರಬೇಕಿತ್ತು. ಎರಡೂ ಇಲ್ಲ. ಗ ಮತ್ತು ಪ ಇಟ್ಟುಕೊಂಡು ಬಂದಿದೆ. ಅಂದರೆ ಆಚೆಮನೆ ಸುತ್ತಿ ವಾಪಸ್ ಬಂದದ್ದು. ಇಟಲಿಯ ಗಲೊಪ್ಪಾರೆ, ಸ್ಪೇನಿನ ಗಲೊಪಾರ್ ಕೂಡ ಫ್ರೆಂಚಿನ ಕಡೆಯಿಂದಲೇ ಹೋದವು.

ರಾತ್ರಿಪಾಳಿ
ಓ ಸರಿ ಸರಿ. ಇದು ಚೆನ್ನಾಗಿದೆ.

ಲಾಯದಹುಡುಗ
ಮೈಸೂರಿನ ಹತ್ತಿರ ಕುದುರೆ ಸವಾರಿ ಕಲಿಸುತ್ತೇನೆ. ಪದಗಳ ಬಗ್ಗೆ ನನಗೆ ಜಾಸ್ತಿ ಗೊತ್ತಿಲ್ಲ, ಕುದುರೆ ಬಗ್ಗೆ ಒಂದು ತಿದ್ದುಪಡಿ. ಮೊದಲ ಪೋಸ್ಟಿನಲ್ಲಿ ಗಲೊಪೆ ಅಂದರೆ ಗ್ಯಾಲಪ್ ಅಂತ ನೇರವಾಗಿ ಹೇಳಿದ್ದೀರಿ. ಪೂರ್ತಿ ಸರಿ ಅಲ್ಲ. ಇಂಗ್ಲಿಷಿನವರಿಗೆ ನಡೆ ನಾಲ್ಕು: ವಾಕ್, ಟ್ರಾಟ್, ಕ್ಯಾಂಟರ್, ಗ್ಯಾಲಪ್. ಫ್ರೆಂಚರಿಗೆ ಮೂರೇ: ಪಾ, ತ್ರೋ, ಗಲೋ. ಕ್ಯಾಂಟರ್, ಗ್ಯಾಲಪ್ ಎರಡೂ ಅವರಿಗೆ ಗಲೋ. ಮೆಲ್ಲಗಿನದ್ದಕ್ಕೆ ‘ಚಿಕ್ಕ ಗಲೋ’ ಅನ್ನುತ್ತಾರೆ.

ಕಿವಿಗೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ವಾಕ್‌ನಲ್ಲಿ ನಾಲ್ಕು ಪೆಟ್ಟು. ಟ್ರಾಟ್‌ನಲ್ಲಿ ಎರಡು, ಯಾಕೆಂದರೆ ಮೂಲೆಮೂಲೆಯ ಕಾಲು (ಎಡ ಮುಂಗಾಲು, ಬಲ ಹಿಂಗಾಲು) ಜೋಡಿಯಾಗಿ ಬೀಳುತ್ತವೆ. ಕ್ಯಾಂಟರ್‌ನಲ್ಲಿ ಮೂರು. ಎಡ ಹಿಂಗಾಲು ಮೊದಲು. ಆಮೇಲೆ ಬಲ ಹಿಂಗಾಲು, ಎಡ ಮುಂಗಾಲು ಒಟ್ಟಿಗೆ. ಕೊನೆಗೆ ಬಲ ಮುಂಗಾಲು. ಆಮೇಲೆ ಒಂದು ಕ್ಷಣ ನಾಲ್ಕೂ ಕಾಲು ಗಾಳಿಯಲ್ಲಿ. ವೇಗ ಏರಿದರೆ ಆ ಜೋಡಿ ಬಿಟ್ಟುಹೋಗಿ ನಾಲ್ಕು ಪೆಟ್ಟು ಆಗುತ್ತದೆ. ರೇಸಿನಲ್ಲಿ ನೀವು ನೋಡುವುದು ಅದು.

ಸೀಬೆಮರ
ಕ್ಯಾಂಟರ್ ಅಂದರೆ ನಮಗೆ ತರಕಾರಿ ಸಾಗಿಸುವ ಲಾರಿ ಅಣ್ಣ. ‘ಕ್ಯಾಂಟರ್ ಡಿಕ್ಕಿ’ ಅಂತ ದಿನಾ ಪೇಪರ್‌ನಲ್ಲಿ ಬರುತ್ತೆ.

ಕಾಫಿಗಿಡ
ಆ ಪದಕ್ಕೂ ಕತೆ ಇದೆ. 1170ರಲ್ಲಿ ಕ್ಯಾಂಟರ್ಬರಿಯಲ್ಲಿ ಥಾಮಸ್ ಬೆಕೆಟ್ ಅನ್ನುವ ಆರ್ಚ್‌ಬಿಷಪ್ಪರ ಕೊಲೆಯಾಯಿತು. ಅವರ ಸಮಾಧಿಗೆ ಜನ ಯಾತ್ರೆ ಹೋಗುತ್ತಿದ್ದರು. ಕುದುರೆ ಮೇಲೆ, ಆರಾಮಾಗಿ. ಆ ನಡೆಗೆ ‘ಕ್ಯಾಂಟರ್ಬರಿ ಗ್ಯಾಲಪ್’ ಅನ್ನುವ ಹೆಸರು ಬಂತು. ಅದು ಚಿಕ್ಕದಾಗಿ ಕ್ಯಾಂಟರ್. ಅಲ್ಲಿಯೂ ಮೊದಲು ಗ್ಯಾಲಪ್ ಇತ್ತು ನೋಡಿ, ಬಾಲ ಮಾತ್ರ ಬಿದ್ದುಹೋಯಿತು.

ನಾಡಿಮಿಡಿತ
@ಲಾಯದಹುಡುಗ ನಿಮ್ಮ ಪೋಸ್ಟ್ ಓದಿ ಕುರ್ಚಿಯಿಂದ ಎದ್ದೇ ಬಿಟ್ಟೆ. ನಾನು ವೈದ್ಯೆ. ಹೃದಯದ ಸದ್ದಿನಲ್ಲಿ ‘ಗ್ಯಾಲಪ್ ರಿದಂ’ ಅಂತ ಒಂದು ಇದೆ. ಹೃದಯ ಸೋತಾಗ ಕೆಲವರಲ್ಲಿ ಲಬ್-ಡಬ್ ಜೊತೆ ಮೂರನೆಯ ಸದ್ದು ಸೇರುತ್ತದೆ. ಮೂರು ಸದ್ದು ಇದ್ದರೂ ಗ್ಯಾಲಪ್ ಅಂತ ಯಾಕೆ ಹೆಸರು, ಗ್ಯಾಲಪ್ ಅಂದರೆ ನಾಲ್ಕು ಪೆಟ್ಟು ಅಲ್ವಾ ಅಂತ ಎಷ್ಟೋ ಸಲ ಅಂದುಕೊಂಡಿದ್ದೆ. ಈ ಹೆಸರು ಕೊಟ್ಟದ್ದು ಫ್ರೆಂಚ್ ವೈದ್ಯ ಬುಯೋ. ಅದನ್ನು ವಿವರವಾಗಿ ಬರೆದದ್ದು ಪೊತೆಂ ಅನ್ನುವ ಇನ್ನೊಬ್ಬ ಫ್ರೆಂಚ್ ವೈದ್ಯ. ಎರಡೂ 19ನೇ ಶತಮಾನದಲ್ಲಿ. ಅವರ ಕಿವಿಯಲ್ಲಿದ್ದ ಗಲೋ ಮೂರು ಪೆಟ್ಟಿನದ್ದು!

ಮೊದಲ ಸಲ ಕೇಳಿದ್ದು ಹೌಸ್ ಸರ್ಜನ್ ಆಗಿದ್ದಾಗ. ರಾತ್ರಿ ಎರಡು ಗಂಟೆ. ಅರವತ್ತರ ಆಸುಪಾಸಿನ ರೈತರೊಬ್ಬರು ದಮ್ಮು ಕಟ್ಟಿ ಬಂದಿದ್ದರು. ಸೀನಿಯರ್ ಅವರನ್ನು ಎಡಮಗ್ಗುಲಿಗೆ ಮಲಗಿಸಿದರು. ಸ್ಟೆತಸ್ಕೋಪಿನ ಚಿಕ್ಕ ಬಟ್ಟಲಿನ ಕಡೆ ತಿರುಗಿಸಿ, ಎದೆಯ ತುದಿಯಲ್ಲಿ ಒತ್ತದೆ ಇಡು ಅಂದರು. ಒತ್ತಿದರೆ ಆ ಸದ್ದು ಮಾಯ. ಮೊದಲು ಏನೂ ಕೇಳಲಿಲ್ಲ. ಫ್ಯಾನ್ ಆರಿಸಿದರು. ಆಗ ಕೇಳಿತು. ಲಬ್-ಡಬ್-ಡ, ಲಬ್-ಡಬ್-ಡ. ದೂರದ ಮಣ್ಣು ರಸ್ತೆಯಲ್ಲಿ ಕುದುರೆ ಬರುತ್ತಿದೆ ಅನ್ನುವ ಹಾಗೆ. ಔಷಧಿ ಕೊಟ್ಟ ಮೂರನೇ ದಿನ ಅದು ಇರಲಿಲ್ಲ. ಅವತ್ತಿನಿಂದ ನನಗೆ ಈ ಪದದ ಮೇಲೆ ಒಂದು ಥರ ಪ್ರೀತಿ.

ಲಾಯದಹುಡುಗ
ಮೇಡಂ, ಮೈ ಜುಮ್ಮೆಂದಿತು. ನಮ್ಮಲ್ಲೂ ಹಾಗೇ. ಕುಂಟುತ್ತಿರುವ ಕುದುರೆಯನ್ನು ನೋಡುವ ಮೊದಲು ಕಣ್ಣು ಮುಚ್ಚಿ ಕೇಳು ಅಂತ ನನ್ನ ಗುರುಗಳು ಹೇಳುತ್ತಿದ್ದರು.

ಧಾರವಾಡಪೇಡೆ
ಬೆಳ್ಳಿಚುಕ್ಕಿಯವರ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟೇ ಇಲ್ಲ. ಲ್ಯಾಟಿನ್‌ನಲ್ಲಿ ಪದ ಇರಲಿಲ್ಲವಾ ಅಂತ. ಇತ್ತು! ‘ಕ್ವಾದ್ರುಪೆದಾನ್ಸ್’. ಕ್ವಾದ್ರು ಅಂದರೆ ನಾಲ್ಕು, ಪೆದ್ ಅಂದರೆ ಕಾಲು. ನಾಲ್ಕು ಕಾಲಲ್ಲಿ ಓಡುವ ಅಂತ. ಕವಿ ವರ್ಜಿಲ್ ಕುದುರೆಗಳ ಗೊರಸಿನ ಸದ್ದು ಕೇಳಿಸುವುದಕ್ಕೆ ಈ ಪದವನ್ನೇ ಬಳಸಿದ್ದಾನೆ.

ಈಗ ನಮ್ಮ ‘ನಾಗಾಲೋಟ’ ನೋಡ್ರಿ. ನಾಲ್ + ಕಾಲ್ + ಓಟ. ಅದೇ ಕಟ್ಟೋಣ! ಯಾರೂ ಯಾರಿಂದಲೂ ತಗೊಂಡಿಲ್ಲ. ರೋಮಿನವನೂ ನೋಡಿದ, ನಮ್ಮವನೂ ನೋಡಿದ, ಇಬ್ಬರಿಗೂ ಕಂಡದ್ದು ನಾಲ್ಕು ಕಾಲು.

ರಾತ್ರಿಪಾಳಿ
ನಾಗಾಲೋಟ ಅಂದರೆ ನಾಗರಹಾವಿನ ಓಟ ಅಲ್ವಾ? ಸರಸರ ಹೋಗುತ್ತಲ್ಲ.

ಧಾರವಾಡಪೇಡೆ
ಅಲ್ಲ ತಮ್ಮಾ. ಹಾವಿಗೆ ಕಾಲೆಲ್ಲಿ? ನಾಲ್ + ನೂರು ‘ನಾನೂರು’ ಆದಾಗ ಲಕಾರ ಹೋಯಿತಲ್ಲ, ಇಲ್ಲೂ ಹಾಗೇ ಹೋಗಿದೆ. ಮಳೆ + ಕಾಲ ಮಳೆಗಾಲ ಆದ ಹಾಗೆ ಕಕಾರ ಗ ಆಗಿದೆ. ನಾಗಾಲು + ಓಟ. ಆದರೆ ನೀನು ಒಬ್ಬನೇ ಅಲ್ಲ, ಬಹಳ ಜನ ಹಾವು ಅಂತಲೇ ತಿಳಿದಿದ್ದಾರೆ.

ತುಂಗಾತೀರ
ನಾಗಾಲೋಟದ ವಿವರಣೆ ಸೊಗಸಾಗಿದೆ. ಪೇಪರ್‌ನವರು ‘ಬೆಲೆಗಳ ನಾಗಾಲೋಟ’ ಅಂತ ಬರೆಯುತ್ತಾರೆ. ಫ್ರೆಂಚಿನಲ್ಲೂ ಹೀಗೆ ಹೇಳುತ್ತಾರಾ?

ಅಮಿಯಾಂ ಕನ್ನಡತಿ
ಹೇಳುತ್ತಾರೆ ಸರ್. ಹಣದುಬ್ಬರ ಕೈಮೀರಿದರೆ ‘ಗಲೊಪಾಂತ್’ ಅನ್ನುತ್ತಾರೆ, ಓಡುತ್ತಿರುವ ಹಣದುಬ್ಬರ ಅಂತ. ಹಿಂದೆ ಬೇಗ ಕೊಲ್ಲುವ ಕ್ಷಯರೋಗಕ್ಕೂ ಅದೇ ಪದ ಹೇಳುತ್ತಿದ್ದರು. ತರಲೆ ಹುಡುಗನಿಗೆ ‘ಗಲೊಪೆಂ’. ಮೊದಲು ಅದು ಸುದ್ದಿ, ಸಾಮಾನು ಹೊತ್ತು ಓಡಾಡುವ ಹುಡುಗನಿಗೆ ಇದ್ದ ಹೆಸರು. ನನ್ನ ಮಗನಿಗೆ ಶಾಲೆಯಲ್ಲಿ ಟೀಚರ್ ಹಾಗೆ ಅಂದಾಗ ಬೈಗುಳ ಅಂದುಕೊಂಡಿದ್ದೆ. ಮುದ್ದಿನಲ್ಲಿ ಹೇಳಿದ್ದಂತೆ. 19ನೇ ಶತಮಾನದಲ್ಲಿ ‘ಗಲೋ’ ಅಂತ ಒಂದು ಜೋಡಿ ಕುಣಿತವೂ ಬಂತು. ಇವತ್ತು ಕ್ಯಾನ್‌ಕ್ಯಾನ್ ಅಂತ ಎಲ್ಲರೂ ಗುರುತಿಸುವ ಆ ಧಾಟಿ, ಸಂಗೀತಕಾರ ಒಫೆನ್‌ಬಾಖ್ 1858ರಲ್ಲಿ ಬರೆದದ್ದು, ಅದೂ ಒಂದು ಗಲೋನೇ.

ಸೀಬೆಮರ
ಸರಿ, ಪದ ಇತ್ತು ಅಂತಾಯಿತು. ಹಾಗಿದ್ದರೆ ಲ್ಯಾಟಿನ್ ಪದ ಬಿಟ್ಟು ಫ್ರಾಂಕರ ಪದ ಯಾಕೆ ಹಿಡಿದರು?

ಧಾರವಾಡಪೇಡೆ
ಕುದುರೆ ಮೇಲೆ ಕೂತವರು ಯಾರು ನೋಡ್ರಿ. ಆಳುವವರು ಫ್ರಾಂಕರು, ಸವಾರರು ಫ್ರಾಂಕರು. ಸ್ಪರ್‌ಗೆ ಎಪೆರೋಂ, ಕಾಲಿಡುವ ರಿಕಾಪಿಗೆ ಎತ್ರಿಯೆ, ಎರಡೂ ಫ್ರಾಂಕರ ಪದಗಳೇ. ಟ್ರಾಟ್ ಅನ್ನುವ ‘ತ್ರೊತೆ’ ಕೂಡ ಅವರದ್ದೇ.

ನಮ್ಮಲ್ಲಿ ಏನಾಯಿತು? ‘ಕುದುರೆ’ ನಮ್ಮ ಪದ. ಆದರೆ ಜೀನು, ಲಗಾಮು, ಚಾಬೂಕು, ಸವಾರ ಎಲ್ಲ ಪಾರ್ಸಿ. ರಿಕಾಪು ಅರಬ್ಬಿ. ‘ಸ್ಥಳಕ್ಕೆ ದೌಡಾಯಿಸಿದರು’ ಅಂತ ಬರೀತೀವಲ್ಲ, ಆ ದೌಡು ಹಿಂದಿ ಮರಾಠಿ ಕಡೆಯದ್ದು. ನಮ್ಮ ಅಜ್ಜ ಹುಬ್ಬಳ್ಳಿಯಲ್ಲಿ ಟಾಂಗಾ ಇಟ್ಟಿದ್ದರು. ಕುದುರೆ ಟ್ರಾಟ್ ಹೋದರೆ ‘ದುಡಕಿ’ ಅನ್ನುತ್ತಿದ್ದರು. ಅದು ಮರಾಠಿಯಲ್ಲೂ ದುಡಕಿನೇ.

ಪದಬೇಟೆ
ಪೇಡೆಯವರ ಮಾತಿಗೆ ಒಂದು ತಿದ್ದುಪಡಿ. ಫ್ರಾಂಕರು ಬರುವ ಮೊದಲು ಅಲ್ಲಿ ಕುದುರೆ ಸವಾರರೇ ಇರಲಿಲ್ಲ ಅಂತ ಯಾರೂ ತಿಳಿಯಬಾರದು. ಅಲ್ಲಿ ಮೊದಲಿಂದ ಇದ್ದ ಗಾಲ್ ಜನ (ವೇಲ್ಸಿನವರಲ್ಲ) ಒಳ್ಳೆಯ ಸವಾರರು, ರೋಮಿನ ಸೈನ್ಯವೇ ಅವರನ್ನು ಸೇರಿಸಿಕೊಂಡಿತ್ತು. ‘ಶೆವಾಲ್’ (ಕುದುರೆ), ‘ಶೆವೊಶೆ’ (ಸವಾರಿ ಮಾಡು) ಎರಡೂ ಲ್ಯಾಟಿನ್ನಿನ ‘ಕಬಾಲ್ಲುಸ್’ನಿಂದ. ಇನ್ನೊಂದು ನಡೆ ‘ಆಂಬ್ಲೆ’, ಒಂದೇ ಪಕ್ಕದ ಎರಡು ಕಾಲು ಒಟ್ಟಿಗೆ ಎತ್ತುವುದು. ಅದು ಲ್ಯಾಟಿನ್ನಿನ ‘ಆಂಬುಲಾರೆ’, ನಡೆ ಅಂತ. ಜರ್ಮನ್ನರ ಕುದುರೆ ‘ಫೆರ್ಡ್’ ಇದೆಯಲ್ಲ, ಅದು ಗಾಲರ ಬೇರಿನಿಂದ ಹುಟ್ಟಿದ ಲ್ಯಾಟಿನ್ ಪದ ‘ಪಾರವೆರೆದುಸ್’ನಿಂದ. ಅಂಚೆ ಕುದುರೆ ಅಂತ ಅರ್ಥ. ಅಂದರೆ ಜರ್ಮನ್ನರು ಆ ಕಡೆಯಿಂದ ಕುದುರೆಯ ಹೆಸರು ತಗೊಂಡರು, ಈ ಕಡೆಯವರು ಜರ್ಮನ್ ಬಳಗದಿಂದ ಅದರ ಓಟ ತಗೊಂಡರು.

ಕಾಫಿಗಿಡ
ಫ್ರಾಂಕರ ಕುದುರೆ ಪದ ಅಂದರೆ ‘ಮಾರ್ಷಲ್’ ಮರೆಯಬೇಡಿ. ‘ಮಾರ್’ ಅಂದರೆ ಕುದುರೆ, ಇಂಗ್ಲಿಷಿನ ಮೇರ್ (ಹೆಣ್ಣು ಕುದುರೆ) ಅದರ ನಂಟ. ‘ಸ್ಕಾಲ್ಕ್’ ಅಂದರೆ ಆಳು. ಲಾಯದ ಆಳು. ಅಲ್ಲಿಂದ ಮೇಲೇರಿ ಸೈನ್ಯದ ದೊಡ್ಡ ಪದವಿ ಆಯಿತು. ನಮ್ಮ ಕೊಡಗಿನ ಕಾರ್ಯಪ್ಪನವರಿಗೆ 1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿ ಕೊಟ್ಟರಲ್ಲ, ಅದೇ ಪದ. ಫ್ರಾನ್ಸಿನಲ್ಲಿ ಲಾಳ ಕಟ್ಟುವವನಿಗೆ ಇವತ್ತಿಗೂ ‘ಮರೆಶಾಲ್’ ಅನ್ನುತ್ತಾರೆ. ಕಾನ್‌ಸ್ಟೇಬಲ್ ಕೂಡ ಹಾಗೇ, ಲ್ಯಾಟಿನ್ನಿನ ‘ಲಾಯದ ಅಧಿಕಾರಿ’.

ಲಾಯದಹುಡುಗ
ಇದನ್ನು ನಾಳೆ ಬೆಳಿಗ್ಗೆ ನಮ್ಮ ಸೈಸ್‌ಗಳಿಗೆ ಹೇಳುತ್ತೇನೆ. ನಾಲ್ಕು ಗಂಟೆಗೆ ಎದ್ದು ಕುದುರೆ ಮೈ ಉಜ್ಜುವವರು ಅವರು. ಖುಷಿಪಡುತ್ತಾರೆ.

ಹಳೇಜಟಕಾ
ನಾಲ್ಕೂ ಕಾಲು ಗಾಳಿಯಲ್ಲಿ ಇರುತ್ತವೆ ಅಂದಿರಲ್ಲ. ಹಳೇ ಚಿತ್ರಗಳಲ್ಲಿ ಮುಂಗಾಲು ಮುಂದೆ, ಹಿಂಗಾಲು ಹಿಂದೆ ಚಾಚಿ ಹಾರುವ ಕುದುರೆ ಇರುತ್ತದೆ. ಅದು ಸರೀನಾ?

ಲಾಯದಹುಡುಗ
ತಪ್ಪು. ಜೆರಿಕೋ ಅನ್ನುವ ಫ್ರೆಂಚ್ ಚಿತ್ರಕಾರ 1821ರಲ್ಲಿ ಇಂಗ್ಲೆಂಡಿನ ಡರ್ಬಿ ಕುದುರೆ ರೇಸಿನ ಚಿತ್ರ ಬರೆದದ್ದು ಹಾಗೇ ಇದೆ. ಚಿತ್ರ ಈಗ ಪ್ಯಾರಿಸಿನ ಲೂವ್ರ್‌ನಲ್ಲಿದೆ. ಓಡುವ ಕುದುರೆ ಹಾಗೆ ಕಾಲು ಚಾಚಿಕೊಂಡು ಹಾರುವುದಿಲ್ಲ. 1878ರಲ್ಲಿ ಅಮೆರಿಕದ ಪಾಲೋ ಆಲ್ಟೋದಲ್ಲಿ ಮೈಬ್ರಿಜ್ ಸಾಲು ಕ್ಯಾಮೆರಾ ಇಟ್ಟು ಓಡುವ ಕುದುರೆಯ ಫೋಟೋ ತೆಗೆದ. ನಾಲ್ಕೂ ಕಾಲು ಮೇಲಿರುವುದು ಅವು ಹೊಟ್ಟೆಯ ಕೆಳಗೆ ಮಡಚಿಕೊಂಡಾಗ. ಹೆಸರಾಂತ ಚಿತ್ರಕಾರರಿಗೂ ಕಣ್ಣು ಸಾಲಲಿಲ್ಲ. ಅಷ್ಟು ಬೇಗ ಆಗಿಹೋಗುತ್ತದೆ.

ಬೆಳ್ಳಿಚುಕ್ಕಿ
ಹತ್ತು ದಿನ ಬಿಟ್ಟು ಬರುತ್ತಿದ್ದೇನೆ. ಇದೆಲ್ಲ ಪ್ರಿಂಟ್ ತೆಗೆದು ಮೇಡಂಗೆ ಕೊಟ್ಟೆ. ಅವರಿಗೆ ವಾರ್ದೆ ಹೇಳುವ ಅಜ್ಜಿಯ ಮಾತು ತುಂಬಾ ಇಷ್ಟವಾಯಿತು. ಭಾನುವಾರ ಮನೆ ಹತ್ತಿರದ ಸವಾರಿ ಶಾಲೆಗೆ ಹೋಗಿದ್ದೆ. ಬೇಲಿ ಪಕ್ಕ ನಿಂತು ಕಣ್ಣು ಮುಚ್ಚಿಕೊಂಡೆ. ಮೊದಲು ಎರಡು ಪೆಟ್ಟು, ಟಕ್ ಟಕ್. ಆಮೇಲೆ ಸವಾರ ಏನೋ ಮಾಡಿದ. ಸದ್ದು ಒಮ್ಮೆ ಎಡವಿದ ಹಾಗಾಗಿ ಮೂರಕ್ಕೆ ಬಂತು. ಟ-ಟ-ಟಕ್, ಆಮೇಲೆ ಒಂದು ಚಿಕ್ಕ ಖಾಲಿ ಜಾಗ. ಮತ್ತೆ ಟ-ಟ-ಟಕ್. ಕಂಬಿ ಹಿಡಿದ ಕೈಗೂ ನೆಲದ ಅದುರು ತಾಗುತ್ತಿತ್ತು.

ನಾಡಿಮಿಡಿತ
ಆ ಖಾಲಿ ಜಾಗ ಕೇಳಿಸಿತಾ! ಹೃದಯದಲ್ಲೂ ಅದನ್ನು ಕೇಳಿಸಿಕೊಳ್ಳುವುದೇ ಕಷ್ಟ.

ಲಾಯದಹುಡುಗ
ಮುಂದಿನ ಸಲ ಕಣ್ಣು ಬಿಟ್ಟು ನೋಡಿ, ಕೊನೆಗೆ ಬೀಳುವುದು ಯಾವ ಮುಂಗಾಲು ಅಂತ. ಎಡಕ್ಕೆ ತಿರುಗುವಾಗ ಎಡಗಾಲು ಇರಬೇಕು. ಬಲಗಾಲು ಕಂಡರೆ ಸವಾರನಿಗೆ ಹೇಳಿ.